ಹಳೆಯ ಪ್ರೋಗ್ರಾಮನ್ನು ಬಿಸಾಡಬೇಡಿ ಎಂದ ಅಕ್ಕ

ಬೆಳಗಿನ ಐದೂಕಾಲು. ಔಷಧ ಗೋದಾಮಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗಡೆ, ಮೂಲೆಯ ಗಾಜಿನ ಕೋಣೆಯಲ್ಲಿ, ಹೆಂಗಸೊಬ್ಬರು ಎರಡು ಉದ್ದನೆಯ ಪಟ್ಟಿಗಳನ್ನು ಅಕ್ಕಪಕ್ಕ ಹರಡಿಕೊಂಡು, ಸ್ಕೇಲ್ ಇಟ್ಟು ಒಂದೊಂದೇ ಸಾಲು ಕೆಳಗಿಳಿಸುತ್ತಿದ್ದಾರೆ. ಎಡಗಡೆಯದು ಮೂವತ್ತೊಂದು ವರ್ಷ ಹಳೆಯ ಪ್ರೋಗ್ರಾಮ್ ಕೊಟ್ಟ ಪಟ್ಟಿ. ಬಲಗಡೆಯದು ಅವರೇ ಬರೆದ ಹೊಸದು ಕೊಟ್ಟದ್ದು. ಇವತ್ತು ಯಾವ ಔಷಧ ಯಾವ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಎರಡೂ ಒಂದೇ ಬಾಯಲ್ಲಿ ಹೇಳಬೇಕು. ಆರೂವರೆಗೆ ಲಾರಿ ಬರುತ್ತದೆ.

ಈ ಹೋಲಿಕೆಯನ್ನು ಕಂಪ್ಯೂಟರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಆದರೂ ಇವರಿಗೆ ಸಮಾಧಾನವಿಲ್ಲ. "ಹೋಲಿಸೋ ಪ್ರೋಗ್ರಾಮನ್ನೂ ನಾನೇ ಬರ್ದಿರೋದಲ್ವಾ? ನನ್ನ ತಪ್ಪಿಗೆ ನಾನೇ ಸಾಕ್ಷಿ ಹೇಳಿದ್ರೆ ಯಾರು ಒಪ್ತಾರೆ?" ಎಂದು ನಗುತ್ತಾರೆ.

ಗೋದಾಮಿನವರ ಬಾಯಲ್ಲಿ ಇವರು ರಿಪೇರಿ ಅಕ್ಕ. ವಯಸ್ಸು ಐವತ್ತನಾಲ್ಕು. ಇಲ್ಲಿಗೆ ಬಂದದ್ದು ಟೈಪಿಸ್ಟ್ ಆಗಿ. ಪ್ರೋಗ್ರಾಮ್ ಬರೆದಾತ ಒಂದು ದಿನ ಗಂಟುಮೂಟೆ ಕಟ್ಟಿದಾಗ, ಅದರ ಒಳಗೇನಿದೆ ಎಂದು ಹೇಳಬಲ್ಲವರು ಯಾರೂ ಉಳಿಯಲಿಲ್ಲ. ಅಕ್ಕ ಊಟದ ಬಿಡುವಿನಲ್ಲಿ ಒಂದೊಂದೇ ಪುಟ ಓದತೊಡಗಿದರು. ಅರ್ಥವಾಗಲು ಆರು ವರ್ಷ ಹಿಡಿಯಿತು. ಮನೆಯಲ್ಲಿ ಗಂಡ ಇವತ್ತಿಗೂ ಛೇಡಿಸುವುದುಂಟು: "ನನ್ನ ಮಾತು ಅರ್ಥ ಮಾಡ್ಕೊಳೋಕೆ ಇವಳಿಗೆ ಇಷ್ಟು ತಾಳ್ಮೆ ಇರಲಿಲ್ಲ ಬಿಡಿ."

ಈ ಗೋದಾಮಿನಿಂದ ದಿನಕ್ಕೆ ನಾನೂರು ಡಬ್ಬಗಳು ಅರವತ್ತೆರಡು ಆಸ್ಪತ್ರೆಗಳಿಗೆ ಹೋಗುತ್ತವೆ. ಮೂರು ವರ್ಷದ ಹಿಂದೆ ಕಂಪನಿ ಹಳೆಯದನ್ನು ಕಿತ್ತೆಸೆದು ಸಿದ್ಧ ವ್ಯವಸ್ಥೆಯೊಂದನ್ನು ತಂದು ಕೂರಿಸಿತ್ತು. ಹನ್ನೊಂದೇ ದಿನ. ಮಕ್ಕಳ ವಾರ್ಡಿಗೆ ಹೋಗಬೇಕಾದದ್ದು ಹಲ್ಲಿನ ಆಸ್ಪತ್ರೆಗೆ ಹೋಗಿ, ಗೋದಾಮೆಲ್ಲ ಗೋಳೋ ಎಂದು, ಹಳೆಯದೇ ಗತಿಯಾಯಿತು. ಇನ್ನೂ ದೊಡ್ಡದೊಂದನ್ನು ಕೊಳ್ಳೋಣ ಎಂದು ಮತ್ತೆ ಮೀಟಿಂಗ್ ಕರೆದಾಗ, ಹಿಂದಿನ ಕುರ್ಚಿಯಿಂದ ಅಕ್ಕ ಎದ್ದು ನಿಂತರು.

"ಮನೇಲಿ ಜನ ಇದ್ದ ಹಾಗೇ ಒಂದೊಂದು ಹೆಂಚು ಬದಲಾಯಿಸ್ತೀವಲ್ಲ ಸಾರ್, ಹಾಗೆ ಮಾಡೋಣ. ಎಲ್ಲರನ್ನೂ ಬೀದಿಗೆ ಹಾಕಿ ಮನೆ ಕೆಡವೋದು ಯಾಕೆ?" ಎಂದರು. ಕೆಲವರು ಮೂಗು ಮುರಿದರು. ಮ್ಯಾನೇಜರ್ ಅರೆಮನಸ್ಸಿನಿಂದಲೇ ಒಪ್ಪಿದರು.

ಅಕ್ಕ ಹಳೆಯದನ್ನು ಎಂಟು ಭಾಗ ಮಾಡಿದರು. ಒಂದು ಭಾಗ ಹೊಸದಾಗಿ ಬರೆಯುವುದು, ಹಳೆಯದರ ಪಕ್ಕದಲ್ಲೇ ಓಡಿಸುವುದು, ರಜೆ ಬಿಟ್ಟು ಮೂವತ್ತು ದಿನ ಒಂದು ಸಾಲೂ ವ್ಯತ್ಯಾಸ ಬರದಿದ್ದರೆ ಮಾತ್ರ ಹಳೆಯ ಭಾಗವನ್ನು ನಿಲ್ಲಿಸುವುದು. ಒಂದು ಸಾಲು ತಪ್ಪಿದರೂ ಲೆಕ್ಕ ಮತ್ತೆ ಒಂದರಿಂದ. ಈ ನಿಯಮ ಹಾಕಿಕೊಂಡವರು ಅವರೇ, ಕಾಯುವವರೂ ಅವರೇ. ಏಳು ಭಾಗ ಹೀಗೆ ದಾಟಿದವು. ಎಂಟನೆಯದು, ಯಾವ ಡಬ್ಬ ಯಾವತ್ತು ಹೊರಡಬೇಕೆಂದು ತೀರ್ಮಾನಿಸುವ ಭಾಗ, ಅಕ್ಕನಿಗೆ ನೀರು ಕುಡಿಸಿತು.

ಅವತ್ತು ಇಪ್ಪತ್ತೇಳನೆಯ ದಿನ, ಶನಿವಾರ. ಒಂದು ಸಾಲು ಹೊಂದಲಿಲ್ಲ. ದೂರದ ಸಣ್ಣ ಆಸ್ಪತ್ರೆಯೊಂದರ, ಶನಿವಾರಕ್ಕೆ ಅಪರೂಪಕ್ಕೊಮ್ಮೆ ಬೀಳುವ ಇನ್ಸುಲಿನ್ ಡಬ್ಬವನ್ನು ಇವತ್ತೇ ಕಳಿಸು ಎಂದಿತು ಹೊಸದು. ಹಳೆಯದು ಸೋಮವಾರ ಎಂದಿತು. ಅಕ್ಕ ಕಾರಣ ಹುಡುಕಿದರು. ಆ ಆಸ್ಪತ್ರೆಯ ಹೆಸರಿಗೆ ಹಳೆಯದರಲ್ಲಿ ಶನಿವಾರ ಕಳಿಸಬೇಡ ಎಂಬ ಒಂದೇ ಒಂದು ಸಾಲಿತ್ತು, ಕಾರಣವಿಲ್ಲ, ವಿವರವಿಲ್ಲ. ಹೊಸದನ್ನು ಬರೆಯುವಾಗ, ಯಾವ ಕಾಲದ್ದೋ ಕಸ ಎಂದು ಅವರೇ ಅದನ್ನು ಗುಡಿಸಿ ಹಾಕಿದ್ದರು.

ಭಾನುವಾರ ಅವರು ಹೋದದ್ದು ನಿವೃತ್ತ ಗೋದಾಮು ಕಾವಲುಗಾರರ ಮನೆಗೆ. ಸೊಂಟದಲ್ಲಿ ಬೀಗದ ಕೈ ಗೊಂಚಲು ನೇತುಹಾಕಿಕೊಂಡೇ ಆಯುಷ್ಯ ಕಳೆದ ಅವರನ್ನು ಎಲ್ಲರೂ ಬೀಗದ ತಾತ ಎನ್ನುತ್ತಾರೆ. ತಾತ ತಕ್ಷಣ ಹೇಳಿದರು: "ಅಯ್ಯೋ ಮಗಳೇ, ಅಲ್ಲಿ ಶನಿವಾರ ಮಧ್ಯಾಹ್ನ ಆದ್ಮೇಲೆ ಫ್ರಿಜ್ ಕೋಣೆಗೆ ಬೀಗ. ನಮ್ಮ ಲಾರಿ ಅಲ್ಲಿಗೆ ತಲುಪೋದೇ ಮೂರು ಗಂಟೆಗೆ. ಒಂದ್ಸಲ ಎರಡು ದಿನ ಡಬ್ಬ ಗೇಟಿನ ಹತ್ರ ಬಿಸಿಲಲ್ಲೇ ಇತ್ತು. ಕೆಟ್ಟುಹೋದ ಔಷಧಿ ಚುಚ್ಚಿಸ್ಕೊಂಡು ಒಂದು ಹುಡುಗಿ ಸಾವಿನ ಬಾಗಿಲಿಗೆ ಹೋಗಿ ಬಂದ್ಳು. ಆಮೇಲೆ ನಾನೇ ಹೇಳಿ ಆ ಸಾಲು ಹಾಕಿಸ್ದೆ."

ಅಲ್ಲಿ ಈಗಲೂ ಹಾಗೆಯೇ ಎಂಬುದು ಸೋಮವಾರ ಒಂದು ಫೋನಿನಲ್ಲಿ ತಿಳಿಯಿತು. ತಪ್ಪು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸದ್ದಿಲ್ಲದೆ ತಿದ್ದಿ ಇಪ್ಪತ್ತೆಂಟು ಎಂದು ಎಣಿಸಿದ್ದರೆ ಕೇಳುವವರೇ ಇರಲಿಲ್ಲ. ಅಕ್ಕ ನೇರವಾಗಿ ಮ್ಯಾನೇಜರ್ ಮುಂದೆ ಹೋಗಿ ನಿಂತು ಎಲ್ಲ ಹೇಳಿದರು.

"ಒಂದು ಡಬ್ಬಕ್ಕೆ ಮತ್ತೆ ಒಂದರಿಂದ ಶುರುನಾ?" ಎಂದು ಅವರು ತಲೆ ಚಚ್ಚಿಕೊಂಡರು. "ಇವತ್ತಿಂದ ರಜೆ ಬಿಟ್ಟು ಮೂವತ್ತೊಂದು ದಿನ ಕೊಡ್ತೀನಿ ಅಕ್ಕಾ. ಆಮೇಲೆ ಮೇಲಿನವರು ಹೊರಗಿಂದ ಬೇರೆ ವ್ಯವಸ್ಥೇನೇ ಕೊಂಡುಬಿಡ್ತಾರೆ. ನನ್ನ ಕೈಲಿ ಏನೂ ಇಲ್ಲ."

ತಿದ್ದಲು ಒಂದು ದಿನ, ಎಣಿಸಲು ಮೂವತ್ತು. ಇನ್ನೊಂದು ಸಾಲು ತಪ್ಪಿದರೆ ಎಂಟೂ ಭಾಗ ಗುಜರಿಗೆ. ಅಕ್ಕ ಹಳೆಯದರ ಒಂದೊಂದು ಸಾಲಿನ ಮುಂದೆಯೂ ಅದು ಯಾಕಿದೆ ಎಂದು ಆಡುಮಾತಿನಲ್ಲೇ ಬರೆಯುತ್ತಾ ಬಂದರು. ಗೊತ್ತಿಲ್ಲದ ಕಡೆ "ಗೊತ್ತಿಲ್ಲ, ಮುಟ್ಟಬೇಡಿ" ಎಂದೇ ಬರೆದರು.

ಇವತ್ತು ಆ ಮೂವತ್ತನೆಯ ಬೆಳಗು. ಸ್ಕೇಲ್ ಕೊನೆಯ ಪುಟದ ಕೊನೆಯ ಸಾಲಿಗೆ ಬಂದು ನಿಲ್ಲುತ್ತದೆ. ಮ್ಯಾನೇಜರ್ ಯಾವಾಗ ಬಂದು ಬಾಗಿಲಲ್ಲಿ ನಿಂತರೋ, ಅಕ್ಕನಿಗೆ ಗೊತ್ತಾಗಿಲ್ಲ.

"ಏನಕ್ಕಾ?"

"ಹೊಂದಿದೆ ಸಾರ್. ಎಲ್ಲಾನೂ."

ಮ್ಯಾನೇಜರ್ ಕುರ್ಚಿ ಎಳೆದು ಕೂರುತ್ತಾರೆ. ಹಳೆಯ ಭಾಗವನ್ನು ನಿಲ್ಲಿಸುವಾಗ ಅಕ್ಕನ ಕಣ್ಣು ತುಂಬಿಕೊಳ್ಳುತ್ತದೆ. ಮೊದಲ ಬಾರಿಗೆ ಹೊಸ ಪಟ್ಟಿಯೊಂದನ್ನೇ ನಂಬಿ ಲಾರಿಗೆ ಡಬ್ಬಗಳು ಏರುತ್ತವೆ.

ಲಾರಿ ತಿರುವು ದಾಟುವವರೆಗೂ ಅಕ್ಕ ಶಟರ್ ಬಳಿ ನಿಂತೇ ಇರುತ್ತಾರೆ. ಆಸ್ಪತ್ರೆಗಳಿಗೆ ಈ ಬದಲಾವಣೆಯ ಸುದ್ದಿ ತಿಳಿಸಿದ್ದೀರಾ ಎಂದರೆ ಸೆರಗಿನಿಂದ ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸುತ್ತಾರೆ.

"ಯಾಕೆ ಹೇಳ್ಬೇಕು? ಡಬ್ಬ ಬಂತು ಅಂತ ಸೈನ್ ಹಾಕಿ ಅವರ ಪಾಡಿಗೆ ಅವರು ಹೋಗ್ತಾರೆ. ಅವರಿಗೆ ಏನೂ ಗೊತ್ತಾಗ್ಲಿಲ್ಲ ಅಂದ್ರೇನೇ ನಾನು ಕೆಲಸ ಸರಿಯಾಗಿ ಮಾಡಿದೀನಿ ಅಂತ."