ಎರಡು ಎಕರೆ ಹತ್ತು

ಮೂರು ಹಂತ ಬರೆದಿದ್ದೆ. ಮೂರಕ್ಕೂ ಸೇರಿಸಿ ಒಂದೇ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಸೊನ್ನೆ ಸುತ್ತಿದ್ದರು ನಮ್ಮ ಗಣಿತದ ಮೇಷ್ಟ್ರು. ಆ ಸೊನ್ನೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ಒಂಬತ್ತನೇ ಕ್ಲಾಸು. ಎಮ್ಮಿಗನೂರಿನಿಂದ ಬಂದು, ಚಿತ್ತವಾಡ್ಗಿಯ ಅತ್ತೆಯ ಮನೆಯಲ್ಲಿದ್ದುಕೊಂಡು ಹೊಸಪೇಟೆಯ ಶಾಲೆಗೆ ಹೋಗುತ್ತಿದ್ದೆ. ಅಪ್ಪನದು ಒಂದೇ ಷರತ್ತು: ಯಾವ ಪರೀಕ್ಷೆಯಲ್ಲಾದರೂ ಫೇಲಾದರೆ ಬ್ಯಾಗು ಕಟ್ಟಿಕೊಂಡು ಊರಿಗೆ ವಾಪಸ್. ಗಣಿತದಲ್ಲಿ ಒಂದೇ ಒಂದು ಅಂಕಕ್ಕೆ ಫೇಲಾದೆ. ಸೊನ್ನೆ ಬಿದ್ದ ಆ ಲೆಕ್ಕಕ್ಕೆ ಮೂರು ಅಂಕವಿತ್ತು.

ಎಕರೆಗೆ ನಲವತ್ತು ಚೀಲ ಭತ್ತ ಬೆಳೆದರೆ ಎರಡು ಎಕರೆ ಹತ್ತು ಗುಂಟೆಗೆ ಎಷ್ಟು ಚೀಲ? ಇದೇ ಪ್ರಶ್ನೆ. ನಮ್ಮ ಕಡೆ ಗದ್ದೆ ಅಳೆಯುವುದು ಸೆಂಟ್ಸಿನಲ್ಲಿ. ನೂರು ಸೆಂಟ್ಸಿಗೆ ಒಂದು ಎಕರೆ. ಗುಂಟೆ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿದ್ದಿಲ್ಲ. ಸೆಂಟ್ಸಿಗೇ ಪುಸ್ತಕದ ಕನ್ನಡದಲ್ಲಿ ಗುಂಟೆ ಅನ್ನುತ್ತಾರೇನೋ ಅಂದುಕೊಂಡು 2.10 ಎಂದು ಬರೆದೆ, ನಲವತ್ತರಿಂದ ಗುಣಿಸಿದೆ, ಎಂಬತ್ತನಾಲ್ಕು ಎಂದು ಉತ್ತರ ಕೊಟ್ಟೆ. ನಲವತ್ತು ಗುಂಟೆಗೆ ಒಂದು ಎಕರೆ ಅಂತ ಈ ಮಹಾನುಭಾವರು ಒಂದು ದಿನವಾದರೂ ಬೋರ್ಡಿನ ಮೇಲೆ ಬರೆದಿದ್ದರೇ? ಇಲ್ಲ. ಗುಣಾಕಾರ ಸರಿಯಿತ್ತಲ್ಲ, ಅದಕ್ಕಾದರೂ ಒಂದು ಅಂಕ ಕೊಟ್ಟಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು?

ಅಪ್ಪನ ಮೊಬೈಲಿಗೆ ಶಾಲೆಯಿಂದ ಮೆಸೇಜ್ ಹೋಯಿತು. ಮರುದಿನವೇ ಬಸ್ಸು ಹತ್ತಿ ಬಂದ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನನ್ನ ಹಿಂದೆ ಒಳಗೆ ಬಂದವನಿಗೆ ಮೇಷ್ಟ್ರು ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ಅವರು ಮೈಸೂರಿನ ಕಡೆಯವರು.

“ನಿಮ್ಮ ಮಗಳಿಗೆ ಎಕರೆ ಅಂದ್ರೇನು ಅಂತಾನೇ ಗೊತ್ತಿಲ್ಲ ಕಣ್ರೀ.”

ಬುದ್ಧಿ ಬಂದಾಗಿನಿಂದ ಗದ್ದೆಯಲ್ಲೇ ಇರುವವನ ಮುಂದೆ ಆಡುವ ಮಾತೇ ಇದು! ಅಪ್ಪ ಪೇಪರು ಇಸಿದುಕೊಂಡು ನನ್ನ ಹಂತಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ.

“ಲೆಕ್ಕ ಸರಿ ಐತಲ್ರೀ ಸರ್. ಎರಡು ಎಕರೆ ಹತ್ತು ಸೆಂಟ್ಸಿಗೆ ಎಂಬತ್ನಾಕು ಚೀಲ.”

“ಸೆಂಟ್ಸಲ್ಲ ರೀ, ಗುಂಟೆ. ನಲವತ್ತು ಗುಂಟೆಗೆ ಒಂದೆಕರೆ.” ಕೊನೆಗೂ ಆಗ ಹೇಳಿದರು!

“ಹೌದೇನ್ರಿ? ಹಂಗಾರ ಹತ್ತು ಗುಂಟಿ ಅಂದ್ರ ಕಾಲೆಕರೆ ಆತು. ತೊಂಬತ್ತು ಚೀಲ ಆಗ್ತಾವ ಬಿಡ್ರಿ.”

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೇಳಿದ್ದ. ಮೇಷ್ಟ್ರು ಕುರ್ಚಿಗೆ ಒರಗಿ ನಕ್ಕರು.

“ಹಂತ ಬರೀದೆ ಬಾಯಲ್ಲಿ ಹೇಳಿದ್ರೆ ಅದಕ್ಕೂ ಸೊನ್ನೆನೇ ಯಜಮಾನ್ರೆ.”

ಹಂತ ಬರೆದ ಮಗಳಿಗೂ ಸೊನ್ನೆ, ಉತ್ತರ ಹೇಳಿದ ಅಪ್ಪನಿಗೂ ಸೊನ್ನೆ. ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ನಕ್ಕಿತು. ನಾನೂ ನಕ್ಕೆ. ನನ್ನ ಬಾಯಿಗೆ ಮಣ್ಣು ಬೀಳ, ಅವರ ಜೊತೆ ಸೇರಿ ನಾನೂ ನಕ್ಕುಬಿಟ್ಟೆ. ಅಪ್ಪ ಒಮ್ಮೆ ನನ್ನ ಮುಖ ನೋಡಿದ.

ಗೇಟಿನ ಹೊರಗೆ ಬಂದವನೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಕೆನ್ನೆಗೆರಡು ಬಾರಿಸಿದ್ದರೂ ಆಗುತ್ತಿತ್ತು. ತಡೆಯಲಾರದೆ ನಾನೇ ಕೇಳಿದೆ.

“ಬ್ಯಾಗು ತರ್ಲೇನಪ್ಪ?”

“ಬ್ಯಾಡ ಬಿಡವ್ವ. ನೀ ಇಲ್ಲೇ ಓದು,” ಅಂದ. “ಊರಿಗೆ ಬಂದ್ರ ನನ್ನಂಗ ಬಾಯಾಗ ಲೆಕ್ಕ ಹಾಕಾದು ಕಲೀತಿ. ಮಂದಿ ನಗ್ತಾರ.”