ಕಿತ್ತುಹಾಕಿದ ಬದು

ಆಕಾಶದಿಂದ ತೆಗೆದ ಫೋಟೋಗಳಲ್ಲಿ ಅಳಿದುಹೋದ ದಾರಿ, ಬದುಗಳನ್ನು ಹುಡುಕುವುದು ಅವಳ ಕೆಲಸ. ಮಣ್ಣಿನಡಿ ಕಲ್ಲುಹಾಸಿದ್ದರೆ ಮೇಲಿನ ಪೈರು ಬೇಗ ಹಳದಿಗೆ ತಿರುಗುತ್ತದೆ. ಮುಚ್ಚಿಹೋದ ಕಾಲುವೆಯಿದ್ದರೆ ಕಡೆತನಕ ಹಸಿರಾಗಿರುತ್ತದೆ. ಹೊಲದಲ್ಲಿ ನಿಂತವರಿಗೆ ಕಾಣದ ಈ ಗೆರೆಗಳು ಪುಟ್ಟ ವಿಮಾನದ ಕಿಟಕಿಯಿಂದ ಅಂಗೈ ರೇಖೆಗಳಷ್ಟು ಸ್ಪಷ್ಟ. ಮನೆಯವರು ಅವಳನ್ನು ಹದ್ದು ಎಂದೇ ಕರೆಯುತ್ತಿದ್ದರು. ವಿಮಾನದಲ್ಲಿ ವಾಂತಿ ಮಾಡಿಕೊಳ್ಳುವ ಹದ್ದು ಎಂದು ಚಿಕ್ಕಪ್ಪ ಕಾಲೆಳೆಯುತ್ತಿದ್ದ.

ದೊಡ್ಡಪ್ಪ, ಚಿಕ್ಕಪ್ಪನದು ಅಕ್ಕಪಕ್ಕದ ಹೊಲ. ಮಧ್ಯೆ ಗಿಡಗಂಟಿ ಬೆಳೆದ ದಪ್ಪ ಬದು. ಅದು ನನ್ನ ಕಡೆ ಸರಿದಿದೆ ಎಂದು ಹಲ್ಲು ಮಸೆಯುತ್ತಲೇ ಇಬ್ಬರೂ ಮುದುಕರಾಗಿದ್ದರು. ಒಂದು ಬೇಸಿಗೆಯಲ್ಲಿ ಅವಳು ಆ ಹೊಲಗಳ ಫೋಟೋವನ್ನೇ ದೊಡ್ಡದಾಗಿ ಮಾಡಿಸಿ ದೊಡ್ಡಪ್ಪನಿಗೆ ಉಡುಗೊರೆ ಕೊಟ್ಟಳು. ಚಿಕ್ಕಪ್ಪನ ಪೈರಿನೊಳಗೆ ಉದ್ದಕ್ಕೂ ಒಂದು ಹಳದಿ ಪಟ್ಟೆ ಕಾಣುತ್ತಿತ್ತು. ಅದು ರಾಜರ ಕಾಲದ ಗಾಡಿದಾರಿ, ಪಕ್ಕದ ಬದುವೂ ಅಷ್ಟೇ ಹಳೆಯದು, ಸುತ್ತಮುತ್ತ ಅಳಿಯದೆ ಉಳಿದ ಬದು ಇದೊಂದೇ ಎಂದು ಬಿಡಿಸಿ ಹೇಳಿದಳು. ದೊಡ್ಡಪ್ಪ ಕನ್ನಡಕ ಏರಿಸಿ ಫೋಟೋ ನೋಡಿದ. ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊಯ್ಲು ಮುಗಿದ ಮೇಲೆ ಅವಳು ಹೋದಾಗ ಬದು ಇರಲಿಲ್ಲ. ಬುಲ್ಡೋಜರ್ ಎಬ್ಬಿಸಿದ ಗಿಡಗಳು ಬೇರು ಮೇಲಾಗಿ ರಾಶಿಬಿದ್ದಿದ್ದವು.

"ಏನು ಮಾಡ್ಬಿಟ್ಟೆ ದೊಡ್ಡಪ್ಪ?"

"ನಿನ್ನ ಫೋಟೋನೇ ಹೇಳುತ್ತಲ್ಲ, ನಿಜವಾದ ಗಡಿ ಆ ಹಳದಿ ಗೆರೆ ಅಂತ. ಅದಕ್ಕೇ ಇದನ್ನ ಕೀಳಿಸ್ದೆ."

"ಅದು ದಾರಿ. ಗಡಿ ಅಂತ ಇದ್ದಿದ್ದು ನೀನು ಕಿತ್ತಿರೋದೇ. ಅಷ್ಟು ಬಿಡಿಸಿ ಹೇಳಿರ್ಲಿಲ್ವಾ ನಾನು?"

"ಹೇಳಿರ್ಬಹುದು. ಅದೆಲ್ಲ ಯಾರಿಗೆ ನೆನಪಿರುತ್ತೆ?"

ಅವಳ ಮೈಯೆಲ್ಲ ಉರಿದುಹೋಯಿತು. ಎಷ್ಟೋ ತಲೆಮಾರು ನೇಗಿಲಿಗೆ ಕೊಡದೆ ಉಳಿಸಿದ್ದನ್ನು ಈತ ಒಂದೇ ಬೆಳಗಿನಲ್ಲಿ ಮಣ್ಣುಪಾಲು ಮಾಡಿದ್ದ, ಅದೂ ಅವಳದೇ ಫೋಟೋ ಕೈಯಲ್ಲಿ ಹಿಡಿದು. ಚಿಕ್ಕಪ್ಪನಾದರೂ ಇವನ ಗ್ರಹಚಾರ ಬಿಡಿಸಲಿ ಎಂದು ಸೀದಾ ಅವನ ಮನೆಗೆ ನಡೆದಳು. ಅವನು ಅಡುಗೆಮನೆಯ ಮೇಜಿಗೆ ಮೊಣಕೈಯೂರಿ ಟೀ ಕುಡಿಯುತ್ತಿದ್ದ.

"ಮೊದ್ಲು ನನಗೂ ಪಿತ್ತ ನೆತ್ತಿಗೇರ್ತು," ಎಂದ. "ಹೊಡೆಯೋಕೇ ಹೋಗಿದ್ದೆ. ಆಮೇಲೆ ನೋಡಿದ್ರೆ ಟ್ರ್ಯಾಕ್ಟರು ಎಲ್ಲೂ ತಿರುಗಿಸದೆ ಈ ತುದಿಯಿಂದ ಆ ತುದಿಗೆ ಹೋಗುತ್ತೆ. ಇಬ್ಬರೂ ಸೇರಿ ಉಳೋಣ ಅಂತ ಮಾತಾಯ್ತು. ಅಣ್ಣತಮ್ಮಂದಿರೇ ಒಂದಾಗಿದ್ದೀವಿ, ನೀನ್ಯಾಕೆ ಮುಖ ಊದಿಸ್ಕೊಂಡಿದೀಯಾ?"

ಫೋನಿನಲ್ಲಿ ಅಮ್ಮನೂ ಅದೇ ರಾಗ ತೆಗೆದಳು: "ಜಗಳ ಮುಗಿಸಿದ ಪುಣ್ಯಾತ್ಗಿತ್ತಿ ಅಂತ ಎಲ್ರೂ ನಿನ್ನೇ ಹೊಗಳ್ತಿದ್ದಾರೆ. ನೀನು ನೋಡಿದ್ರೆ ಬೆಂಕಿ ಕಾರ್ತಿದೀಯಾ."

"ಆ ಪುಣ್ಯ ನನಗೆ ಬೇಡಮ್ಮ."

ದೊಡ್ಡಪ್ಪನ ಮನೆಗೆ ವಾಪಸು ಹೋಗಿ ಗೋಡೆಯ ಮೇಲಿದ್ದ ಫೋಟೋ ಇಳಿಸಿಕೊಂಡಳು. "ಊಟ ಮಾಡ್ಕೊಂಡಾದ್ರೂ ಹೋಗೇ," ಎಂದು ದೊಡ್ಡಮ್ಮ ಬಾಗಿಲ ತನಕ ಬಂದಳು. ಅವಳು ತಿರುಗಿ ನೋಡಲಿಲ್ಲ. ಆಮೇಲೆ ಆ ಎರಡೂ ಮನೆಗಳ ಹೊಸಲು ತುಳಿಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ವಿಮಾನ ಆ ಹೊಲದ ಮೇಲೆ ಹಾಯಿತು. ಬದು ಇದ್ದಲ್ಲಿ, ಬೇರು ಕಿತ್ತು ಸಡಿಲಾದ ಮಣ್ಣಿನಲ್ಲಿ, ಪೈರು ಕಡುಹಸಿರಾಗಿ ಗೆರೆ ಎಳೆದಿತ್ತು. ಹಲ್ಲು ಕಚ್ಚಿಕೊಂಡು ಫೋಟೋ ತೆಗೆದಳು. ಹೊಲದಂಚಿನಲ್ಲಿ ಜೊತೆಯಾಗಿ ನಿಂತಿದ್ದ ಇಬ್ಬರು ಮುದುಕರು ವಿಮಾನ ಕಂಡು ಕೈ ಬೀಸಿದರು. ಅವಳು ಬೀಸಲಿಲ್ಲ.