ಬೋಳುಸಾಮಿ ದಿಬ್ಬ

ಪ್ರಭಾವತಿ ಅಕ್ಕೋರು ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ, ನಿವೃತ್ತರಾಗಿ ನವನಗರಕ್ಕೆ ಬಂದು ನೆಲೆಸಿದವರು. ನೆಲೆಸಿದರೂ ಅವರ ಮನಸ್ಸಿನ ಒಂದು ತುದಿ ಮಾತ್ರ ಎಂದೂ ನೋಡದ ಕಡಲಂಚಿನಲ್ಲೇ ಸಿಕ್ಕಿಕೊಂಡಿತ್ತು.

ಆ ಹಂಬಲ ಹಚ್ಚಿದವನು ಅವರ ಅಪ್ಪ ಅರ್ಜುನಪ್ಪ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಬೌದ್ಧ ದೀಕ್ಷೆ ಪಡೆದು ಬಂದವನೇ ಪೂಜೆಯ ಜಗುಲಿಯ ಮೇಲಿದ್ದ ದೇವರುಗಳನ್ನು ಇಳಿಸಿ ಬುದ್ಧನ ಪಟ ಇಟ್ಟಿದ್ದ. ಅವನ ತಾಯಿ ಮುತ್ತವ್ವ ಎಷ್ಟೋ ದಿನ ಮಗನ ಜೊತೆ ಮಾತು ಬಿಟ್ಟಿದ್ದಳು. ಶಾಲೆಯಲ್ಲಿ ಹುಡುಗಿಯೊಬ್ಬಳು, ನಿಮ್ಮ ದೇವರು ನಿನ್ನೆ ಮೊನ್ನೆ ಬಂದವನು ಎಂದು ಹಂಗಿಸಿದಾಗ ಪ್ರಭಾವತಿ ಅಳುತ್ತ ಮನೆಗೆ ಬಂದಿದ್ದಳು. ಅಪ್ಪ ಎಣ್ಣೆ ಮೆತ್ತಿದ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡ.

“ನಾವು ನಿನ್ನೆ ಮೊನ್ನಿಯವರಲ್ಲವ್ವಾ. ಘಟ್ಟದ ಕೆಳಗ, ಸಮುದ್ರದ ದಂಡಿ ಮ್ಯಾಲೆ ನಮ್ಮ ವಿಹಾರ ಇತ್ತು. ಒಂದಿನ ಕರಕೊಂಡು ಹೋಗ್ತೇನಿ.”

ಭಿಕ್ಷುಗಳು ವಾಸವಾಗಿದ್ದ ಆ ವಿಹಾರ ಅಂಕೋಲೆಯ ಆಚೆ ಎಲ್ಲೋ ಇತ್ತಂತೆ. ಎತ್ತುಗಳ ಮೇಲೆ ಹೇರು ಹಾಕಿಕೊಂಡು ಘಟ್ಟ ಇಳಿದ ವ್ಯಾಪಾರಿಗಳು ಅದರ ಅಂಗಳದಲ್ಲಿ ಮಲಗುತ್ತಿದ್ದರಂತೆ, ಅದರ ದೀಪ ನೋಡಿ ದೋಣಿಗಳು ದಡ ಸೇರುತ್ತಿದ್ದವಂತೆ. ಮಹಾರಾಷ್ಟ್ರದಿಂದ ಬಂದಿದ್ದ ಭಿಕ್ಷುವೊಬ್ಬರು ಹೇಳಿದ್ದಷ್ಟೇ ಅವನಿಗೆ ಗೊತ್ತು. ಹೋಗುವುದು ಮಾತ್ರ ಕೂಡಿಬರಲಿಲ್ಲ. ಮೊದಲು ಡ್ಯೂಟಿ, ಆಮೇಲೆ ಉಬ್ಬಸ. ಕೊನೆಗಾಲದಲ್ಲಿ ಹಾಸಿಗೆಯಿಂದಲೇ, “ಅಲ್ಲಿ ಇನ್ನೂ ದೀಪಾ ಹಚ್ಚತಾರೇನು?” ಎಂದು ಕೇಳಿದ್ದ. ಮಗಳು ಹೂಂ ಅಂದಿದ್ದಳು.

ಮುಂದೆ ಅಕ್ಕೋರು ಸಿಕ್ಕ ಪುಸ್ತಕಗಳನ್ನೆಲ್ಲ ಓದಿದರು, ಬಲ್ಲವರನ್ನು ಕೇಳಿದರು. ಅಂಥದ್ದೊಂದು ವಿಹಾರದ ಸುದ್ದಿ ಯಾರಿಗೂ ಇರಲಿಲ್ಲ. ಆದರೂ ಹಂಬಲ ಕರಗಲಿಲ್ಲ. ಹೋದ ಚಳಿಗಾಲ, ಕಮರಿಪೇಟೆಯಲ್ಲಿ ಟ್ಯಾಕ್ಸಿ ಇಟ್ಟುಕೊಂಡಿರುವ ಹಳೆಯ ಶಿಷ್ಯ ಅಯಾಜನನ್ನು ಕರೆದುಕೊಂಡು ಹೊರಟೇಬಿಟ್ಟರು.

ಯಲ್ಲಾಪುರ ದಾಟಿ ಘಟ್ಟ ಇಳಿದು, ಕಡಲ ಬದಿಯ ಊರೂರು ಸುತ್ತಿದರು. ಕೇಳಿದವರೆಲ್ಲ ತಲೆಯಾಡಿಸಿದರು. ಇನ್ನು ತಿರುಗೋಣ ಎನ್ನುವಾಗ, ಮೀನು ಒಣಹಾಕುತ್ತಿದ್ದ ಲಕ್ಷ್ಮೀ ಎಂಬ ಹೆಂಗಸು, ವಿಹಾರ ತನಗೆ ಗೊತ್ತಿಲ್ಲ, ಬೋಳುಸಾಮಿ ದಿಬ್ಬ ಅಂತ ಒಂದಿದೆ ಎಂದಳು. ಬೋಳುಸಾಮಿ ಎಂದರೆ ತಲೆ ಬೋಳಿಸಿದ ಸನ್ಯಾಸಿ. ಭಿಕ್ಷುಗಳೂ ತಲೆ ಬೋಳಿಸುತ್ತಾರಲ್ಲ ಎಂದುಕೊಂಡ ಅಕ್ಕೋರು, ದಾರಿ ತೋರಿಸಲು ಅವಳನ್ನೇ ಕರೆದುಕೊಂಡು ಹೊರಟರು.

ದಿಬ್ಬದ ಅರ್ಧ ಭಾಗವನ್ನು ಕಡಲು ಆಗಲೇ ನುಂಗಿತ್ತು. ಉಳಿದದ್ದು ಒಂದಿಷ್ಟು ಕೇದಿಗೆಯ ಪೊದೆ, ನೀರಿನ ಕಡೆ ಇಳಿದ ಒಂದು ಅಗಲ ಬಂಡೆ. ಗೋಡೆಯಿಲ್ಲ, ಕೆತ್ತನೆಯಿಲ್ಲ, ಒಂದು ಇಟ್ಟಿಗೆಯ ಚೂರೂ ಇಲ್ಲ. ಅಕ್ಕೋರು ಸೋತವರಂತೆ ನಿಂತರು. ಸುತ್ತಲಿನ ಬಂಡೆಗಳ ಮೇಲೆಲ್ಲ ಮೀನಿನ ಹುರುಪೆ ಹೊಳೆಯುತ್ತಿತ್ತು, ಇದೊಂದೇ ತೊಳೆದಿಟ್ಟಂತೆ ಇತ್ತು. ಯಾಕೆಂದು ಕೇಳಿದರು.

“ಇದರ ಮೇಲೆ ನಾವು ಮೀನು ಕೊಯ್ಯೂದಿಲ್ರಾ,” ಎಂದಳು ಲಕ್ಷ್ಮೀ. “ಯಾಕೆ ಅಂತ ಗೊತ್ತಿಲ್ಲ. ನಮ್ಮ ಅಜ್ಜಿನೂ ಕೊಯ್ತಿರಲಿಲ್ಲ.”

ಅಕ್ಕೋರು ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕುಳಿತರು. ಬಿಸಿಲಿಗೆ ಅದು ಬೆಚ್ಚಗಿತ್ತು. ಜೀವ ತೆಗೆಯೆನು ಎಂಬ ಬೌದ್ಧರ ಪಂಚಶೀಲದ ಮೊದಲ ವ್ರತವನ್ನು, ಅಪ್ಪ ಬಾಯಿಪಾಠ ಮಾಡಿಸಿದ್ದ ಪಾಲಿ ಭಾಷೆಯಲ್ಲಿ ಹೇಳತೊಡಗಿದರು. ಅಪ್ಪನನ್ನು ಇಲ್ಲಿ ಕೂರಿಸಬೇಕಿತ್ತು ಎಂಬುದೊಂದೇ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಉಬ್ಬರದ ನೀರು ಏರಿ ಸೀರೆಯ ಅಂಚು ಒದ್ದೆಯಾದಾಗ ಅಯಾಜ ಬಂದು ಕೈಹಿಡಿದು ಎಬ್ಬಿಸಿದ. ಲಕ್ಷ್ಮೀ ಅವನ ಫೋನ್ ನಂಬರು ಪಡೆದುಕೊಂಡಳು.

ಈ ಮಳೆಗಾಲ ಅವಳು ಫೋನು ಮಾಡಿ, ದಿಬ್ಬದ ಇನ್ನೊಂದು ಮಗ್ಗುಲು ಕುಸಿಯಿತು, ಬಂಡೆ ಪೂರ್ತಿ ನೀರಿನೊಳಗಿದೆ ಎಂದು ತಿಳಿಸಿದಳು. ಅಯಾಜ ನವನಗರಕ್ಕೆ ಬಂದು, ಹೇಗೆ ಹೇಳಲೆಂದು ಅನುಮಾನಿಸುತ್ತಲೇ ಸುದ್ದಿ ಮುಟ್ಟಿಸಿದ. ಅಕ್ಕೋರು ಕಿಟಕಿಯಾಚೆ ಸುರಿಯುವ ಮಳೆ ನೋಡಿದರು.

“ಮಳಿ ನಿಂತ ಮ್ಯಾಲೆ ಮತ್ತೊಮ್ಮೆ ಹೋಗೂಣೇನಪಾ?” ಎಂದರು.

“ಆ ಬಂಡೆಗಲ್ಲು ಕಾಣಸಲಿಕ್ಕಿಲ್ರಿ, ಅಕ್ಕೋರ.”

“ಇರಲಿ. ದಂಡಿ ಮ್ಯಾಲೆ ಕುಂತ ಬರೂಣು.”